580001 ಅವಿಭಾಜ್ಯ, 580003 ಅಲ್ಲ: ದೊಡ್ಡ ಸಂಖ್ಯೆಯನ್ನು ಕೂತಲ್ಲೇ ಪರೀಕ್ಷಿಸುವುದು ಹೇಗೆ?

"ಸರ, ದೊಡ್ಡ ನಂಬರ್ ಕೊಟ್ರ ಅದು ಪ್ರೈಮ್ ಹೌದೋ ಅಲ್ಲೋ ಅಂತ ಹೆಂಗ ನೋಡೂದ್ರಿ?"

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಜಾಸ್ತಿ ಜನ ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು. ಗದಗ, ಹಾವೇರಿ ಕಡೆಯ ಹೈಸ್ಕೂಲ್ ಮಕ್ಕಳ ತಂದೆ-ತಾಯಿಯೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಡುವುದಕ್ಕಿಂತ ಪೂರ್ತಿಯಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ನಮ್ಮ ಪಿನ್ ಕೋಡ್‌ಗಳನ್ನೇ ತೆಗೆದುಕೊಳ್ಳೋಣ. ಆರಂಕಿ ಸಂಖ್ಯೆ ಬಾಯಿಲೆಕ್ಕಕ್ಕೆ ದೊಡ್ಡದು, ಆದರೆ ಕಾಗದ ಮತ್ತು ಕ್ಯಾಲ್ಕುಲೇಟರ್ ಇದ್ದರೆ ಸಂಜೆಯೊಳಗೆ ಮುಗಿಯುತ್ತದೆ. ನಮ್ಮ ಪರೀಕ್ಷೆಗೆ ಕೂತವರು ಇವರು: ಧಾರವಾಡ 580001, ಕರ್ನಾಟಕ ವಿಶ್ವವಿದ್ಯಾಲಯ 580003, ಹುಬ್ಬಳ್ಳಿ 580020, ಹುಬ್ಬಳ್ಳಿಯ ವಿದ್ಯಾನಗರ 580031, ಹಾವೇರಿ 581110, ಗದಗ 582101.

ಮೊದಲು ಪದಗಳು. ಅವಿಭಾಜ್ಯ ಸಂಖ್ಯೆ ಅಂದರೆ ನೀವು ಕ್ಲಾಸಿನಲ್ಲಿ ಪ್ರೈಮ್ ನಂಬರ್ ಅನ್ನುವುದೇ. 1 ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷ ಉಳಿಯದಂತೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆ. ಹಾಗೆ ಭಾಗವಾಗುವುದು ಸಂಯುಕ್ತ ಸಂಖ್ಯೆ. ಶೇಷವಿಲ್ಲದೆ ಭಾಗಿಸುವ ಸಂಖ್ಯೆಗೆ ಅಪವರ್ತನ ಎನ್ನುತ್ತೇವೆ. 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. 2 ಅವಿಭಾಜ್ಯ, ಸಮಸಂಖ್ಯೆಗಳಲ್ಲಿ ಅದೊಂದೇ. ಇದರಲ್ಲಿ ತಪ್ಪುವವರು ಈಗಲೂ ಇದ್ದಾರೆ, ಅದಕ್ಕೇ ಹೇಳಿದೆ.

ಬೇಕಾಗುವುದು ಇಷ್ಟು: ಒಂದು ಚೌಕಳಿ ಹಾಳೆಯ ನೋಟ್‌ಬುಕ್, ಪೆನ್ಸಿಲ್, ಸಾದಾ ಕ್ಯಾಲ್ಕುಲೇಟರ್, ಒಂದು ತಾಸು ತಾಳ್ಮೆ.

ಹಂತ 1: ಕಣ್ಣಲ್ಲೇ ಜರಡಿ ಹಿಡಿಯಿರಿ

ಕೊನೆಯ ಅಂಕಿ 0, 2, 4, 5, 6, 8 ಆಗಿದ್ದರೆ ಕೆಲಸ ಮುಗಿಯಿತು. ಹುಬ್ಬಳ್ಳಿಯ 580020, ಹಾವೇರಿಯ 581110 ಇಲ್ಲೇ ಔಟ್. ಆಮೇಲೆ ಅಂಕಿಗಳನ್ನು ಕೂಡಿಸಿ. ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. 580001ರ ಮೊತ್ತ 14, ಪಾಸು. 580003ರದು 16, 580031ರದು 17, 582101ರದೂ 17. ನಾಲ್ಕೂ ಮುಂದೆ ಹೋದವು. ಆದರೆ 580023ರ ಮೊತ್ತ 18, ಅದು ಹೊರಗೆ.

ಎಚ್ಚರಿಕೆ: ಕೊನೆಗೆ 1, 3, 7, 9 ಇದ್ದರೆ ಅವಿಭಾಜ್ಯ ಅಂತ ಅಲ್ಲ. ಈ ಹಂತ "ಅಲ್ಲ" ಅಂತ ಮಾತ್ರ ಹೇಳಬಲ್ಲದು, "ಹೌದು" ಅಂತ ಎಂದಿಗೂ ಹೇಳಲಾರದು.

ಹಂತ 2: ಎಲ್ಲಿಯವರೆಗೆ ನೋಡಬೇಕು ಅಂತ ಗೊತ್ತುಮಾಡಿಕೊಳ್ಳಿ

580001 ಅಂದ ಕೂಡಲೇ ಅದರ ಅರ್ಧದವರೆಗೆ, ಅಂದರೆ 2,90,000ದವರೆಗೆ ಭಾಗಿಸಬೇಕೇನೋ ಅಂತ ಹೆದರುವವರಿದ್ದಾರೆ. ಬೇಡ. ವರ್ಗಮೂಲದವರೆಗೆ ಸಾಕು. ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲದ ಗುಂಡಿ ಒತ್ತಿದರೆ 761.57 ಚಿಲ್ಲರೆ ಬರುತ್ತದೆ.

ಯಾಕೆ ಸಾಕು? ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧ ಅಂದುಕೊಳ್ಳಿ. ಎರಡೂ 761ಕ್ಕಿಂತ ದೊಡ್ಡವಾದರೆ ಗುಣಲಬ್ಧ ಕನಿಷ್ಠ 762 × 762, ಅಂದರೆ 580644 ಆಗುತ್ತದೆ. ಅದು ಆಗಲೇ 580001ನ್ನು ದಾಟಿತು. ಹಾಗಾಗಿ ಒಂದಾದರೂ 761ರೊಳಗೇ ಇರಬೇಕು. ಅದೂ ಎಲ್ಲ ಸಂಖ್ಯೆಗಳಿಂದ ಭಾಗಿಸಬೇಕಿಲ್ಲ, ಅವಿಭಾಜ್ಯಗಳಿಂದ ಮಾತ್ರ. 6ರಿಂದ ಭಾಗವಾಗುವುದು 2ರಿಂದಲೇ ಭಾಗವಾಗಿರುತ್ತದೆ ಅಲ್ವಾ?

761ರವರೆಗೆ 135 ಅವಿಭಾಜ್ಯಗಳಿವೆ. ಮುಂದಿನದು 769. ಅದರ ವರ್ಗ 591361. ಅಂದರೆ 761ರವರೆಗಿನ ಒಂದೇ ಪಟ್ಟಿ 580000ದಿಂದ 591360ರವರೆಗಿನ ಎಲ್ಲ ಸಂಖ್ಯೆಗಳಿಗೂ ಸಾಕು. ಮೇಲೆ ಹೇಳಿದ ಅಷ್ಟೂ ಪಿನ್ ಕೋಡ್ ಅದರೊಳಗೇ ಬಂದವು.

ಪರೀಕ್ಷೆಗೆ ಓದುವವರಿಗೆ ಒಂದು ಮಾತು: ನಿಮ್ಮ ಪ್ರಶ್ನೆಪತ್ರಿಕೆಯ ಸಂಖ್ಯೆ ನಾಲ್ಕಂಕಿ ದಾಟದಿದ್ದರೆ 97ರವರೆಗಿನ 25 ಅವಿಭಾಜ್ಯಗಳು ಬಾಯಿಪಾಠ ಇದ್ದರೆ ಸಾಕು. ಮುಂದಿನದು 101, ಅದರ ವರ್ಗ 10201.

ಹಂತ 3: ಪಟ್ಟಿ ತಯಾರಿಸಿ

ಇದು ಗ್ರೀಕರ ಕಾಲದ ಎರಟೋಸ್ಥೆನೀಸ್‌ನ ಜರಡಿ. 1ರಿಂದ 770ರವರೆಗೆ ಸಂಖ್ಯೆಗಳನ್ನು ಬರೆಯಿರಿ. ಒಂದು ಸಾಲಿಗೆ ಹತ್ತು ಬರೆಯುವುದು ರೂಢಿ. ನನ್ನ ಸಲಹೆ, ಸಾಲಿಗೆ ಆರರಂತೆ ಬರೆಯಿರಿ. ಆಗ 2 ಮತ್ತು 3 ಬಿಟ್ಟರೆ ಉಳಿದ ಎಲ್ಲ ಅವಿಭಾಜ್ಯಗಳೂ ಮೊದಲನೆಯ ಮತ್ತು ಐದನೆಯ ಕಂಬಸಾಲಿನಲ್ಲಿ ಮಾತ್ರ ಬೀಳುತ್ತವೆ. ಉಳಿದ ನಾಲ್ಕು ಕಂಬಸಾಲಿಗೆ ಉದ್ದಕ್ಕೂ ಗೆರೆ ಎಳೆದುಬಿಡಬಹುದು. 1ನ್ನು ಹೊಡೆದುಹಾಕಲು ಮರೆಯಬೇಡಿ.

ಉಳಿದ ಎರಡು ಕಂಬಸಾಲಿನಲ್ಲಿ 5, 7, 11, 13, 17, 19, 23 ಇವುಗಳ ಮಗ್ಗಿಯಲ್ಲಿ ಬರುವುದನ್ನೆಲ್ಲ ಹೊಡೆಯಿರಿ. ಮಗ್ಗಿಯ ಮೊದಲ ಸಂಖ್ಯೆಯನ್ನು ಮಾತ್ರ ಬಿಡಿ. 29ರ ಮಗ್ಗಿ ಬೇಡ, ಯಾಕಂದರೆ 29ರ ವರ್ಗ 841, ನಮ್ಮ ಹಾಳೆಯ ಆಚೆ.

ಮಗ್ಗಿ ತಪ್ಪಿ ಪಟ್ಟಿಯಲ್ಲಿ ಉಳಿದುಹೋಗುವ ಕಳ್ಳರು ಯಾವಾಗಲೂ ಇವೇ: 91, 119, 133, 143, 161, 187, 203, 217, 221, 247, 299, 323, 391, 527, 559, 589, 667, 713. ನೋಡಲು ಅಪ್ಪಟ ಅವಿಭಾಜ್ಯದಂತೆ ಕಾಣುತ್ತವೆ. 91 ಅಂದರೆ 7 × 13, 221 ಅಂದರೆ 13 × 17, 667 ಅಂದರೆ 23 × 29. ಪಟ್ಟಿ ಸರಿ ಇದೆಯಾ ಅಂತ ಎಣಿಸಿ ನೋಡಿ: 100ರವರೆಗೆ 25, 200ರವರೆಗೆ 46, 500ರವರೆಗೆ 95, 761ರವರೆಗೆ 135. ಎಣಿಕೆ ತಪ್ಪಿದರೆ ಮುಂದೆ ಹೋಗಬೇಡಿ.

ಹಂತ 4: ಸಾವಿರದ ಉಪಾಯ

ನೇರ ಭಾಗಾಕಾರಕ್ಕೆ ಇಳಿಯುವ ಮೊದಲು ಇದನ್ನು ಕಲಿಯಿರಿ. ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

1001 ಅಂದರೆ 7 × 11 × 13. ಆರಂಕಿ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಒಡೆದು ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು 7, 11 ಅಥವಾ 13ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ಇಲ್ಲದಿದ್ದರೆ ಇಲ್ಲ.

ಗದಗದ 582101 ನೋಡಿ. 582ರಿಂದ 101 ಕಳೆದರೆ 481. ಅದು 13 × 37. ಹಾಗಾದರೆ 582101 ಕೂಡ 13ರಿಂದ ಭಾಗವಾಗಲೇಬೇಕು. ಮಾಡಿ ನೋಡಿ: 13 × 44777. ಗದಗ ಔಟ್. ಹುಬ್ಬಳ್ಳಿಯ 580021ಕ್ಕೂ ಇದೇ ಗತಿ: 580ರಿಂದ 21 ಕಳೆದರೆ 559, ಅದು 13 × 43.

ಧಾರವಾಡದ 580001ಕ್ಕೆ ಬಂದರೆ 580 − 1 = 579. ಇದು 7, 11, 13 ಯಾವುದರಿಂದಲೂ ಭಾಗವಾಗುವುದಿಲ್ಲ. ಒಂದು ಕಳೆಯುವ ಲೆಕ್ಕದಲ್ಲಿ ಮೂರು ಭಾಗಾಕಾರ ಮುಗಿದವು.

ಇದೇ ಉಪಾಯದ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. 999 ಅಂದರೆ 27 × 37. ಇಲ್ಲಿ ಕಳೆಯುವ ಬದಲು ಕೂಡಿಸಿ: 580 + 1 = 581. ಅದನ್ನು 37ರಿಂದ ಭಾಗಿಸಿದರೆ ಶೇಷ 26, ಹಾಗಾಗಿ 37 ಆಗುವುದಿಲ್ಲ. 1003 ಅಂದರೆ 17 × 59. ಸಾವಿರ ಅಂದರೆ 1003ಕ್ಕೆ 3 ಕಡಿಮೆ. ಆದ್ದರಿಂದ ಎಡಗಡೆಯ ಮೂರಂಕಿಯನ್ನು 3ರಿಂದ ಗುಣಿಸಿ, ಅದರಲ್ಲಿ ಬಲಗಡೆಯ ಮೂರಂಕಿ ಕಳೆಯಿರಿ: 1740 − 1 = 1739. ಇದು 17ರಿಂದಲೂ ಆಗುವುದಿಲ್ಲ, 59ರಿಂದಲೂ ಆಗುವುದಿಲ್ಲ. 1007 ಅಂದರೆ 19 × 53. ಈ ಸಲ 7ರಿಂದ ಗುಣಿಸಿ: 4060 − 1 = 4059. ಅದೂ ಎರಡರಿಂದಲೂ ಭಾಗವಾಗುವುದಿಲ್ಲ.

ಹಂತ 5: ಉಳಿದದ್ದನ್ನು ಭಾಗಿಸಿ, ನಡುವೆ ನಿಲ್ಲಿಸಬೇಡಿ

ಈಗ ಕ್ಯಾಲ್ಕುಲೇಟರ್ ಹಿಡಿದು ಪಟ್ಟಿಯ ಒಂದೊಂದನ್ನೇ ತೆಗೆದುಕೊಳ್ಳಿ. ಉತ್ತರದಲ್ಲಿ ದಶಮಾಂಶ ಬಿಂದುವಿನ ನಂತರ ಏನಾದರೂ ಬಂದರೆ ಭಾಗವಾಗಲಿಲ್ಲ ಅಂತ ಅರ್ಥ. ನೋಡಿದ್ದಕ್ಕೆ ಟಿಕ್ ಹಾಕುತ್ತ ಹೋಗಿ. ಟಿಕ್ ಹಾಕದೆ ಹೋದರೆ ನಡುವೆ ಯಾರೋ ಕರೆದಾಗ ಎಲ್ಲಿದ್ದೆವು ಅಂತ ಮರೆತು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲೇ. ನೂರರವರೆಗೆ ಭಾಗಿಸುತ್ತಾರೆ, ಏನೂ ಸಿಗುವುದಿಲ್ಲ. ಇನ್ನೂರು ದಾಟುತ್ತಾರೆ, ಆಗಲೂ ಇಲ್ಲ. "ಇಷ್ಟು ನೋಡಿದ ಮೇಲೆ ಇನ್ನೇನು, ಪ್ರೈಮೇ" ಅಂತ ಬರೆದುಬಿಡುತ್ತಾರೆ. ಅವರಿಗಾಗಿಯೇ ಕರ್ನಾಟಕ ವಿಶ್ವವಿದ್ಯಾಲಯದ 580003 ಇದೆ. 3 ಆಗುವುದಿಲ್ಲ, 7 ಆಗುವುದಿಲ್ಲ, 100ರವರೆಗೆ ಯಾವುದೂ ಆಗುವುದಿಲ್ಲ, 500ರವರೆಗೂ ಆಗುವುದಿಲ್ಲ, 600 ದಾಟಿದರೂ ಇಲ್ಲ. ಪಟ್ಟಿಯ 114ನೆಯ ಅವಿಭಾಜ್ಯ 619. ಅದರಿಂದ ಭಾಗಿಸಿದರೆ ಉತ್ತರ ಸರಿಯಾಗಿ 937. ಅಂದರೆ 580003 = 619 × 937. 113 ಸಲ "ಇಲ್ಲ" ಅಂದು 114ನೆಯ ಸಲಕ್ಕೆ ಬಾಯಿ ಬಿಡುವ ಸಂಖ್ಯೆ ಇದು.

ಇದೇ 619ರಲ್ಲಿ ಇನ್ನೊಂದು ಬಲೆಯಿದೆ. 580001ನ್ನು 619ರಿಂದ ಭಾಗಿಸಿ. 936.9967 ಅಂತ ಬರುತ್ತದೆ. "937ಕ್ಕೆ ಹತ್ತಿರ ಇದೆ, ಹಾಗಾದರೆ ಭಾಗವಾಯ್ತು" ಅಂದುಕೊಂಡರೆ ಮೋಸ ಹೋದಿರಿ. ಹತ್ತಿರ ಇರುವುದಕ್ಕೆ ಇಲ್ಲಿ ಬೆಲೆ ಇಲ್ಲ. ಅನುಮಾನ ಬಂದಾಗ ತಿರುಗಿ ಗುಣಿಸಿ ನೋಡಿ: 619 × 937 = 580003, ನಮ್ಮದು 580001, ಎರಡು ಕಡಿಮೆ. 29ರ ಹತ್ತಿರವೂ ಹಾಗೇ. 580001 ÷ 29 ಅಂದರೆ 20000.03. ಶೇಷ 1 ಉಳಿದಿದೆ, ಭಾಗವಾಗಿಲ್ಲ.

761ರವರೆಗೆ ಒಂದೂ ಬಿಡದೆ ಹೋದರೆ ಫಲಿತಾಂಶ ಇದು: ಧಾರವಾಡದ 580001 ಅವಿಭಾಜ್ಯ. ವಿದ್ಯಾನಗರದ 580031 ಕೂಡ ಅವಿಭಾಜ್ಯ. ಈ ಆಸುಪಾಸಿನಲ್ಲಿ ಸರಾಸರಿ 13 ಸಂಖ್ಯೆಗೆ ಒಂದರಂತೆ ಅವಿಭಾಜ್ಯ ಸಿಗುತ್ತದೆ. ಹಾಗಾಗಿ ನಿಮ್ಮ ಊರಿನ ಕೋಡ್ ಸೋತರೆ ಬೇಜಾರು ಬೇಡ.

ಹಂತ 6: ಸಿಕ್ಕಿದ ಅವಿಭಾಜ್ಯದ ಗುಣ ನೋಡಿ

ಅವಿಭಾಜ್ಯ ಅಂತ ಗೊತ್ತಾದ ಮೇಲೆ ಮಾಡುವುದೇನು ಅಂತ ಕೇಳುತ್ತಾರೆ. ನನ್ನ ಪ್ರಕಾರ ಮಜಾ ಶುರುವಾಗುವುದೇ ಇಲ್ಲಿ.

ಮೊದಲು 4ರಿಂದ ಭಾಗಿಸಿ ಶೇಷ ನೋಡಿ. 580001ಕ್ಕೆ ಶೇಷ 1. 580031ಕ್ಕೆ ಶೇಷ 3. ಶೇಷ 1 ಬರುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಇದನ್ನು ಫ್ರಾನ್ಸಿನ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಹೇಳಿದ್ದ, ಮುಂದಿನ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. ಹುಡುಕುವುದು ಸುಲಭ: 761ರಿಂದ ಕೆಳಗೆ ಬರುತ್ತ ಒಂದೊಂದರ ವರ್ಗ ಕಳೆಯಿರಿ. 580001ರಿಂದ 761ರ ವರ್ಗ 579121 ಕಳೆದರೆ 880, ಅದು ವರ್ಗವಲ್ಲ. 760ರ ವರ್ಗ 577600 ಕಳೆದರೆ 2401. ಅದು 49 × 49! ಎರಡನೆಯ ಪ್ರಯತ್ನಕ್ಕೇ ಸಿಕ್ಕಿತು:

580001 = 760² + 49²

580031ಕ್ಕೆ ಇದು ಜನ್ಮದಲ್ಲಿ ಆಗುವುದಿಲ್ಲ. ಯಾವುದೇ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ. ಅಂಥ ಎರಡನ್ನು ಕೂಡಿಸಿದರೆ 0, 1, 2 ಬರಬಹುದು, 3 ಬರಲಾರದು. ಧಾರವಾಡಕ್ಕೆ ಆಗುವುದು ಹುಬ್ಬಳ್ಳಿಗೆ ಆಗುವುದಿಲ್ಲ ಅಂತ ಇದನ್ನು ಹಿಡಿದು ಜಗಳ ತೆಗೆಯಬೇಡಿ, ಇದು ಸಂಖ್ಯೆಯ ಗುಣ ಮಾತ್ರ.

ಒಂದು ತಪ್ಪು ತಿಳಿವಳಿಕೆ: ಎರಡು ವರ್ಗಗಳ ಮೊತ್ತವಾದ ಮಾತ್ರಕ್ಕೆ ಅವಿಭಾಜ್ಯ ಆಗುವುದಿಲ್ಲ. 65 ಅಂದರೆ 64 + 1, 49 + 16 ಕೂಡ ಹೌದು, ಆದರೆ ಅದು 5 × 13.

ಇನ್ನು ಜೋಡಿ. ಎರಡರ ಅಂತರದಲ್ಲಿರುವ ಅವಿಭಾಜ್ಯಗಳಿಗೆ ಅವಳಿ ಎನ್ನುತ್ತಾರೆ, 11 ಮತ್ತು 13ರ ಹಾಗೆ. 580001ಕ್ಕೆ ಅವಳಿ ಇಲ್ಲ. ಹಿಂದಿನ 579999 ಮೂರರಿಂದ ಭಾಗವಾಗುತ್ತದೆ, ಮುಂದಿನ 580003ರ ಕಥೆ ಆಗಲೇ ಹೇಳಿದೆ.

ಕೊನೆಗೆ ಆವರ್ತ ದಶಮಾಂಶ. 1ನ್ನು 7ರಿಂದ ಭಾಗಿಸಿದರೆ 142857 ಎಂಬ ಆರಂಕಿ ಮತ್ತೆ ಮತ್ತೆ ಬರುತ್ತದೆ. 1ನ್ನು 580001ರಿಂದ ಭಾಗಿಸಿದರೂ ಒಂದು ಸರಪಳಿ ತಿರುಗಿ ತಿರುಗಿ ಬರುತ್ತದೆ. ಅದರ ಉದ್ದ 580000ದ ಅಪವರ್ತನವೇ ಆಗಿರಬೇಕು.

ಹಂತ 7: ಇನ್ನೂ ದೊಡ್ಡ ಸಂಖ್ಯೆಗೆ ಫರ್ಮಾ ಪರೀಕ್ಷೆ

"ನನ್ನ ಮೊಬೈಲ್ ನಂಬರ್ ಪ್ರೈಮಾ?" ಅಂತ ಕೇಳುವವರಿಗೆ ಈ ಹಂತ. ಹತ್ತಂಕಿ ಸಂಖ್ಯೆಗೆ ಸುಮಾರು 1 ಲಕ್ಷದವರೆಗೆ ನೋಡಬೇಕಾಗಬಹುದು, ಅಷ್ಟರೊಳಗೆ 9592 ಅವಿಭಾಜ್ಯಗಳಿವೆ. ಕೈಯಲ್ಲಿ ಆಗದ ಮಾತು.

ಇಲ್ಲಿ ಭಾಗಿಸದೇ ಪರೀಕ್ಷಿಸುವ ದಾರಿ ಇದೆ. ಸಂಖ್ಯೆ ಅವಿಭಾಜ್ಯವಾಗಿದ್ದು 2 ಅಲ್ಲದಿದ್ದರೆ, 2ನ್ನು ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರಲೇಬೇಕು. ಘಾತ ಅಂದರೆ ಎಷ್ಟು ಸಲ ಗುಣಿಸಿದ್ದೀರಿ ಅನ್ನುವುದು. 91ನ್ನು ನೋಡೋಣ. 2ರ 12ನೆಯ ಘಾತ 4096. ಅದನ್ನು 91ರಿಂದ ಭಾಗಿಸಿದರೆ ಶೇಷ 1. ಹಾಗಾಗಿ 84ನೆಯ ಘಾತಕ್ಕೂ ಶೇಷ 1. ಉಳಿದ 6 ಘಾತಕ್ಕೆ 64. ಅಂದರೆ 90ನೆಯ ಘಾತಕ್ಕೆ ಶೇಷ 64, 1 ಅಲ್ಲ. 91 ಅವಿಭಾಜ್ಯವಲ್ಲ ಅಂತ ಗೊತ್ತಾಯಿತು, ಆದರೆ 7, 13ರ ಹೆಸರೇ ಬರಲಿಲ್ಲ!

ಇದು ಸುಮ್ನೆ ತಮಾಷೆಯಲ್ಲ. ಮರ್ಸೆನ್ ಎಂಬ ಪಾದ್ರಿ 1644ರಲ್ಲಿ 2ರ 67ನೆಯ ಘಾತದಿಂದ 1 ಕಳೆದ ಸಂಖ್ಯೆ ಅವಿಭಾಜ್ಯ ಎಂದಿದ್ದ. 1876ರಲ್ಲಿ ಲೂಕಾ ಅದು ಅವಿಭಾಜ್ಯವಲ್ಲ ಎಂದು ತೋರಿಸಿದ, ಅಪವರ್ತನ ಮಾತ್ರ ಸಿಕ್ಕಿರಲಿಲ್ಲ. 1903ರಲ್ಲಿ ಕೋಲ್ ಅದನ್ನು ಒಡೆದು ತೋರಿಸಿದ: 193707721 × 761838257287.

ಎಚ್ಚರಿಕೆ, ಇದು ದೊಡ್ಡದು: ಶೇಷ 1 ಬಂದರೆ ಅವಿಭಾಜ್ಯ ಎಂದು ಖಚಿತವಾಗುವುದಿಲ್ಲ. 341 ಈ ಪರೀಕ್ಷೆ ಪಾಸಾಗುತ್ತದೆ, ಆದರೆ ಅದು 11 × 31. 561 ಇನ್ನೂ ಪಾಕಡಾ. ಅದು 3 × 11 × 17. 2ರ ಬದಲು ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗದ ಯಾವ ಸಂಖ್ಯೆ ಇಟ್ಟರೂ ಪಾಸಾಗುತ್ತದೆ. ಅದಕ್ಕೇ ಕಂಪ್ಯೂಟರ್‌ಗಳಲ್ಲಿ ಮಿಲ್ಲರ್-ರಾಬಿನ್ ಎಂಬ ಬಿಗಿಯಾದ ಪರೀಕ್ಷೆ ಬಳಸುತ್ತಾರೆ. ಅದರಲ್ಲಿ 2, 3, 5, 7, 11 ಈ ಐದನ್ನು ಇಟ್ಟು ನೋಡಿದರೆ ಹತ್ತಂಕಿಯ ಸಂಖ್ಯೆಗೆ ಉತ್ತರ ಪೂರ್ತಿ ಖಚಿತ. ಎಷ್ಟೇ ದೊಡ್ಡ ಸಂಖ್ಯೆಗೂ ಅನುಮಾನವಿಲ್ಲದೆ, ಹೆಚ್ಚು ಕಾಲ ತಿನ್ನದೆ ಉತ್ತರ ಕೊಡುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು.

ಎಕ್ಸೆಲ್‌ನಲ್ಲಿ ಮಾಡುತ್ತೇನೆ ಅನ್ನುವವರು ಗಮನಿಸಿ. ಅದು 15 ಅಂಕಿಯ ಆಚೆಗಿನದನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ. 16 ಅಂಕಿಯ ಸಂಖ್ಯೆ ಟೈಪ್ ಮಾಡಿದರೆ ನೀವು ಪರೀಕ್ಷಿಸುವುದು ಬೇರೆಯದನ್ನೇ.

ಕೋಟಿಗಟ್ಟಲೆ ಅಂಕಿಯ ಅವಿಭಾಜ್ಯ?

ಈವರೆಗೆ ನನಗೆ ತಿಳಿದಂತೆ ದೊಡ್ಡದು 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು: 2ರ 136279841ನೆಯ ಘಾತದಿಂದ 1 ಕಳೆದದ್ದು. ಅದಕ್ಕೆ 4,10,24,320 ಅಂಕಿಗಳಿವೆ. ಇಂಥ ರೂಪದ ಸಂಖ್ಯೆಗೆ ಮಾತ್ರ ಸಲ್ಲುವ ಸರಳ ಪರೀಕ್ಷೆ ಇರುವುದರಿಂದಲೇ ದಾಖಲೆಗಳು ಸಾಮಾನ್ಯವಾಗಿ ಈ ರೂಪದಲ್ಲೇ ಬರುತ್ತವೆ. 31, ಅಂದರೆ 2ರ 5ನೆಯ ಘಾತದಿಂದ 1 ಕಳೆದದ್ದರ ಮೇಲೆ ಮಾಡಿ ನೋಡಿ. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆಯಿರಿ: 14. ಮತ್ತೆ ಮಾಡಿ: 194, 31ರಿಂದ ಭಾಗಿಸಿದರೆ ಶೇಷ 8. ಮತ್ತೆ: 64 − 2 = 62, ಶೇಷ 0. ಘಾತ 5, ಅದಕ್ಕಿಂತ ಎರಡು ಕಡಿಮೆ ಸಲ, ಅಂದರೆ ಮೂರು ಸಲ ಮಾಡಿದಾಗ ಸೊನ್ನೆ ಬಂತು. ಅಂದರೆ 31 ಅವಿಭಾಜ್ಯ. ದಾಖಲೆಯ ಸಂಖ್ಯೆಗೂ ಲೆಕ್ಕ ಇದೇ, ಸುತ್ತು ಮಾತ್ರ 13 ಕೋಟಿಗೂ ಹೆಚ್ಚು.

ಆದರೆ 2ರ ಘಾತದ ಜಾಗದಲ್ಲಿ ಅವಿಭಾಜ್ಯ ಇಟ್ಟ ಮಾತ್ರಕ್ಕೆ ಉತ್ತರವೂ ಅವಿಭಾಜ್ಯ ಆಗುತ್ತದೆ ಅಂದುಕೊಳ್ಳಬೇಡಿ. 11 ಇಟ್ಟರೆ 2047 ಬರುತ್ತದೆ, ಅದು 23 × 89.

ನಿಮಗೊಂದು ಲೆಕ್ಕ

ಪಟ್ಟಿ ತಯಾರಾಗಿದ್ದರೆ 580009ನ್ನು ಒಡೆದು ನೋಡಿ. ಸಾವಿರದ ಉಪಾಯಕ್ಕೆ ಸಿಗುವುದಿಲ್ಲ, ನೂರರೊಳಗೂ ಸಿಗುವುದಿಲ್ಲ. ನೂರು ದಾಟಿದ ಮೇಲೆ ಸ್ವಲ್ಪದರಲ್ಲೇ ಸಿಗುತ್ತದೆ. ಸರಿಯಾಗಿ ಸಿಕ್ಕಿತಾ ಅಂತ ನನ್ನನ್ನು ಕೇಳಬೇಕಿಲ್ಲ: ಭಾಗಲಬ್ಧದ ನಾಲ್ಕು ಅಂಕಿಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ.